ಹಿಂದಿನ ಪುಟದವರು

ನಮ್ಮೂರಲ್ಲಿ ಮದುವೆಗಳು ನಡೆಯುವುದು ತಹಸೀಲ್ದಾರ ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಶಹನಾಯಿ ಬೇಕೆನ್ನುವವರಿಗೆ ಬೇರೆ ದಾರಿಯಿಲ್ಲ. ಶಹನಾಯಿಯವನಿಗೆ ದನಿ ಹತ್ತಿದ್ದು ಅಲ್ಲಿ, ಎರಡನೆಯ ಮತ್ತು ಮೂರನೆಯ ಕಪಾಟಿನ ನಡುವಿನ ನಾಲ್ಕಡಿ ಜಾಗದಲ್ಲಿ. ಒಂದು ಹೆಜ್ಜೆ ಈಚೆಗೆ ಬಂದರೆ ಅವನು ಕೆನ್ನೆ ಉಬ್ಬಿಸುವುದಷ್ಟೇ ಕಾಣುತ್ತದೆ, ಸ್ವರ ಕೇಳುವುದಿಲ್ಲ. ಹಾಗಾಗಿ ಮದುಮಕ್ಕಳು ಪಹಣಿ ಕಡತಗಳ ನಡುವೆ ನಿಂತು ಅಕ್ಷತೆ ಹಾಕಿಸಿಕೊಳ್ಳುತ್ತಾರೆ, ಗುಮಾಸ್ತರು ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರುತ್ತಾರೆ. ಸಿತಾರಿನ ಹುಡುಗಿಗೆ ದನಿ ಹತ್ತಿದ್ದು ಎರಡು ಮನೆಗಳ ನಡುವಿನ ಸಂದಿಯಲ್ಲಿ. ಒಂದು ಮೊಳ ಗೋಡೆಗಾಗಿ ಕೋರ್ಟು ಹತ್ತಿದ್ದ ಮನೆಗಳು ಅವು. ಈಗ ಸಂಜೆಯಾದರೆ ಎರಡೂ ಕಡೆಯವರು ಕಿಟಕಿ ತೆರೆದು ಕೂರುತ್ತಾರೆ. ಮಾತು ಮಾತ್ರ ಇನ್ನೂ ಬಿಟ್ಟೇ ಇದ್ದಾರೆ.

ಸಂಗೀತ ಶಾಲೆಯಲ್ಲಿ ಕಲಿಯುವಷ್ಟು ದಿನ ಎಲ್ಲರಿಗೂ ಎಲ್ಲ ಕಡೆಯೂ ದನಿ ಇರುತ್ತದೆ. ಪ್ರಮಾಣಪತ್ರ ಕೈಗೆ ಬಂದು ಗೇಟು ದಾಟಿದಿರೋ, ನಿಂತಿತು. ತಿರುಗಿ ಗೇಟಿನೊಳಗೆ ಓಡಿ ಬಂದರೂ ಇಲ್ಲ. ಆಮೇಲೆ ಊರಲ್ಲಿ ಎಲ್ಲೋ ಒಂದು ಕಡೆ, ಒಂದೇ ಕಡೆ, ಮತ್ತೆ ಹತ್ತುತ್ತದೆ. ಕಲಿಯದವರಿಗೆ ಈ ಕಟ್ಟು ಇಲ್ಲ. ಅವರು ಬಚ್ಚಲಲ್ಲಿ, ಬಸ್ಸಿನಲ್ಲಿ, ತೊಟ್ಟಿಲ ಪಕ್ಕದಲ್ಲಿ ಎಲ್ಲಿ ಬೇಕಾದರೂ ಗಂಟಲು ಹರಿಯುವಷ್ಟು ಹಾಡಿಕೊಳ್ಳಬಹುದು. ಕಲಿತವರ ಜಾಗ ಹುಡುಕಿಕೊಡುವುದು ನಮ್ಮ ಆಫೀಸಿನ ಕೆಲಸ. ಬೋರ್ಡಿನ ಮೇಲೆ 'ಸಂಗೀತ ವಿದ್ಯಾರ್ಥಿಗಳ ಹಾಗೂ ಪದವೀಧರರ ಉದ್ಯೋಗ ನೆರವು ಕೇಂದ್ರ' ಎಂದು ಬರೆದಿದೆ. ಜನ ಅಷ್ಟುದ್ದ ಹೇಳುವ ಗೋಜಿಗೆ ಹೋಗದೆ ಜಾಗದ ಆಫೀಸು ಅನ್ನುತ್ತಾರೆ.

ನಾನು ಅಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದೇನೆ. ಕೊನೆಯ ವರ್ಷದ ಮಕ್ಕಳಿಗೆ ವಾರಕ್ಕೊಂದು ತರಗತಿ ನನ್ನದೇ. ಅಂಗಡಿಯವರ ಹತ್ತಿರ ಹೇಗೆ ಮಾತಾಡಬೇಕು, ಗಿರಾಕಿ ಇರುವ ಹೊತ್ತಿನಲ್ಲಿ ಹೇಗೆ ಕಾಯಬೇಕು, ದನಿ ಹತ್ತಿದ ಜಾಗ ಮನಸ್ಸಿಗೆ ಬಾರದಿದ್ದರೆ ಮುಖ ಹುಳ್ಳಗೆ ಮಾಡದೆ ಹೇಗಿರಬೇಕು, ಇವೆಲ್ಲ ಅಲ್ಲಿ ಬರುತ್ತವೆ. ಕೊಳಲಿನ ಒಬ್ಬನಿಗೆ ಪುರಸಭೆಯ ಶೌಚಾಲಯದ ಹಿಂದುಗಡೆ ದನಿ ಹತ್ತಿತ್ತು. ಮೊದಲ ತಿಂಗಳು ಅತ್ತ. ಈಗ ಅಲ್ಲಿ ಸಾಲಾಗಿ ಮಲ್ಲಿಗೆ ಬಳ್ಳಿ ಹಬ್ಬಿಸಿದ್ದಾರೆ, ಕೂರಲು ಕಲ್ಲುಬೆಂಚು ಹಾಕಿದ್ದಾರೆ, ಅವನ ಕೊಳಲು ಕೇಳಲೆಂದೇ ಊರಿನ ಹಿರಿಯರು ವಾಯುಸೇವನೆಯ ದಾರಿ ಬದಲಿಸಿದ್ದಾರೆ. ಈ ಕಥೆಯನ್ನು ಪ್ರತಿ ವರ್ಷ ಹೇಳುತ್ತೇನೆ, ಮಕ್ಕಳು ಪ್ರತಿ ವರ್ಷ ನಗುತ್ತಾರೆ, ಒಳಗೊಳಗೆ ಹೆದರುತ್ತಾರೆ.

ಹೆದರುವುದಕ್ಕೆ ಇನ್ನೊಂದು ಕಾರಣವಿದೆ. ಹುಡುಕಲು ಇರುವುದು ಒಂದೇ ವರ್ಷ. ಮುಂದಿನ ವರ್ಷದವರಿಗೆ ಪ್ರಮಾಣಪತ್ರ ಕೊಡುವ ದಿನದೊಳಗೆ ಜಾಗ ಸಿಗದಿದ್ದರೆ ಹೆಸರು ರಿಜಿಸ್ಟರಿನ ಹಿಂದಿನ ಪುಟಕ್ಕೆ ಹೋಗುತ್ತದೆ, ವಾದ್ಯ ಶಾಲೆಯ ಕೋಣೆಗೆ ಹೋಗುತ್ತದೆ, ಹೊಸ ಮಕ್ಕಳು ಅದರ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ಒಮ್ಮೆ ಹಿಂದಿನ ಪುಟಕ್ಕೆ ಹೋದ ಹೆಸರು ಮುಂದಕ್ಕೆ ಬಂದದ್ದಿಲ್ಲ. ಅಂಥವರನ್ನು ಊರವರು ಹಿಂದಿನ ಪುಟದವರು ಅನ್ನುತ್ತಾರೆ. ಹೀಗಳೆದು ಅನ್ನುವುದಿಲ್ಲ, ಮಕ್ಕಳಾಗದವರ ವಿಷಯ ಮಾತಾಡುವಾಗ ದನಿ ತಗ್ಗಿಸುತ್ತಾರಲ್ಲ, ಹಾಗೆ ತಗ್ಗಿಸಿ ಅನ್ನುತ್ತಾರೆ.

ಆ ಪುಟದಲ್ಲಿ ಹತ್ತೊಂಬತ್ತು ಹೆಸರುಗಳಿದ್ದವು. ಮೊದಲನೆಯದು ನನ್ನದು. ಅಂಬುಜಾ, ತಬಲಾ. ಅದನ್ನು ಬರೆದ ಅಧಿಕಾರಿ ಒಳ್ಳೆಯ ಮನುಷ್ಯ. ಬರೆದಾದ ಮೇಲೆ ಪೆನ್ನು ಕೆಳಗಿಟ್ಟು, ಆಫೀಸಿನಲ್ಲಿ ಒಂದು ಕುರ್ಚಿ ಖಾಲಿ ಇದೆ, ಬರುತ್ತೀಯೇನಮ್ಮ ಎಂದು ಕೇಳಿದರು. ಬಂದೆ. ಉಳಿದ ಹದಿನೆಂಟು ಹೆಸರುಗಳು ನನ್ನ ಅಕ್ಷರದಲ್ಲಿದ್ದವು. ನಾನು ತಬಲಾ ಕಲಿತವಳೆಂದು ನಮ್ಮ ಮನೆಯವರಿಗೆ ಗೊತ್ತಾದದ್ದು ಮದುವೆಯಾಗಿ ಆರು ವರ್ಷದ ಮೇಲೆ, ಅದೂ ಯಾರೋ ಹೇಳಿ.

ಈಗ ದಾನೇಶ್ವರಿಯ ಮಾತಿಗೆ ಬರುತ್ತೇನೆ. ಪೇಟಿ, ಅಂದರೆ ಹಾರ್ಮೋನಿಯಂ, ಅವಳ ವಾದ್ಯ. ಅವಳ ಅಜ್ಜ ಯಾವುದೋ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರನಾಗಿದ್ದ, ಅವನದೇ ಪೇಟಿ ಅದು. ಬೆರಳಿನಿಂದ ಒತ್ತುವ ಕರಿ ಮನೆಗಳ ಬಣ್ಣ ಹೋಗಿ ಬಿಳಿ ಮನೆ ಯಾವುದು ಕರಿ ಮನೆ ಯಾವುದು ಎಂದು ತಿಳಿಯದಷ್ಟು ಹಳತು. ತಾಯಿ ಬಾಳವ್ವ ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುತ್ತಾಳೆ. ಜೋಳದ ರೊಟ್ಟಿ, ಎರಡು ಪಲ್ಯ, ಶೇಂಗಾ ಚಟ್ನಿ, ಕೇಳಿದವರಿಗೆ ಮೊಸರು. ಮಗಳು ಪೇಟಿಯ ಮುಂದೆ ಕುಳಿತರೆ ಬಾಳವ್ವನಿಗೆ ತನ್ನ ತಂದೆಯ ಬೆನ್ನೇ ಕಂಡಂತಾಗುತ್ತಿತ್ತಂತೆ. ಹಿಂದಿನ ಪುಟವಾದರೆ ಆ ಪೇಟಿಯೂ ಮನೆ ಬಿಟ್ಟು ಹೋಗಬೇಕು.

ಪ್ರಮಾಣಪತ್ರದ ಮರುದಿನವೇ ನಾವು ಹುಡುಕಲು ಶುರುಮಾಡಿದೆವು. ಮೊದಲು ಮನೆ, ಅದು ಪದ್ಧತಿ. ಖಾನಾವಳಿಯ ಮೂಲೆಯಲ್ಲಿ ದಾನೇಶ್ವರಿ ಪೇಟಿ ಬಿಚ್ಚಿ ಕೂತಳು. ಬಾಳವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ರೊಟ್ಟಿಯ ಲಯಕ್ಕೆ ಏನೋ ಹಾಡಿಕೊಳ್ಳುತ್ತಿದ್ದಳು. ನಮ್ಮ ನಿಯಮದ ಪುಸ್ತಕದಲ್ಲಿ ಮೂರನೆಯ ನಿಯಮ ಹೀಗಿದೆ: ಪರೀಕ್ಷೆಯ ಹದಿನೈದು ನಿಮಿಷ ಆ ಜಾಗದಲ್ಲಿ ಬೇರೆ ಯಾರೂ ಹಾಡಬಾರದು, ನುಡಿಸಬಾರದು, ಒಂದು ಜಾಗಕ್ಕೆ ಒಂದೇ ದನಿ. ಸ್ವಲ್ಪ ಸುಮ್ಮನಿರಬೇಕು ಎಂದು ನಾನು ಬಾಳವ್ವನಿಗೆ ಹೇಳಿದೆ. ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡು, ರೊಟ್ಟಿ ಬಡಿಯುವುದನ್ನೂ ನಿಲ್ಲಿಸಿ ಉಸಿರು ಬಿಗಿಹಿಡಿದು ಕೂತಳು. ಹೆಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಪೇಟಿ ಏನೂ ಹೇಳಲಿಲ್ಲ. ನಾನು ರಿಜಿಸ್ಟರಿನಲ್ಲಿ 'ಇಲ್ಲ' ಎಂದು ಬರೆದೆ, ಹೊಸ್ತಿಲ ಮೇಲೆ ಸುಣ್ಣದಿಂದ ಒಂದು ಗೀಟು ಎಳೆದೆ, ಹೊರಟೆವು.

ಅಲ್ಲಿಂದ ವಾರಕ್ಕೆ ನಾಲ್ಕೈದು ಜಾಗ. ಅವಳು ತಲೆಯ ಮೇಲೆ ಸಿಂಬಿ ಇಟ್ಟು ಅದರ ಮೇಲೆ ಪೇಟಿ ಹೊತ್ತು ಮುಂದೆ ನಡೆಯುತ್ತಿದ್ದಳು, ರಿಜಿಸ್ಟರು ಮತ್ತು ಸುಣ್ಣದ ಬುಟ್ಟಿ ಹಿಡಿದು ನಾನು ಹಿಂದೆ. ಔಷಧದ ಅಂಗಡಿ, ಸೈಕಲ್ ಅಂಗಡಿ, ಎರಡೂ ಬ್ಯಾಂಕು, ಹಾಲಿನ ಡೇರಿ, ನೀರಿನ ಟಾಕಿಯ ಮೇಲೆ, ನೀರಿನ ಟಾಕಿಯ ಕೆಳಗೆ. ಎಲ್ಲಿಯೂ ಇಲ್ಲ. ಹೊರಡುವಾಗ ಅವಳು ಅಂಗಡಿಯವರಿಗೆ ಕೈಮುಗಿದು ತೊಂದರೆ ಕೊಟ್ಟೆವು ಅನ್ನುತ್ತಿದ್ದಳು. ಅವಳಿಗಿಂತ ಅವರಿಗೇ ಹೆಚ್ಚು ಸಂಕಟ. ನೂರು ಜಾಗ ದಾಟುವಷ್ಟರಲ್ಲಿ ಈ ಹುಡುಗಿಯ ದನಿ ತಮ್ಮಲ್ಲೇ ಹತ್ತಲಿ ಎಂದು ಊರಿನವರೆಲ್ಲ ಆಸೆಪಡತೊಡಗಿದ್ದರು. ಕ್ಷೌರದಂಗಡಿಯವನು ಒಂದು ಮೂಲೆ ಖಾಲಿ ಮಾಡಿ, ಗೋಡೆಗೆ ಬಣ್ಣ ಬಳಿದು, ಅಕ್ಕಾರ ಯಾವಾಗ ಬರ್ತೀರಿ ಎಂದು ಎರಡು ಸಲ ಆಫೀಸಿಗೆ ಬಂದು ಕೇಳಿಹೋದ. ಹೋದೆವು. ಆಗಲಿಲ್ಲ. ಅವನು ಮೂರು ದಿನ ನನ್ನ ಮುಖ ನೋಡಲಿಲ್ಲ, ತಪ್ಪೆಲ್ಲ ನನ್ನದೇ ಎಂಬಂತೆ. ತಪ್ಪು ನನ್ನದೇ ಆಗಿತ್ತು ಅನ್ನುವುದು ಆಮೇಲಿನ ಮಾತು.

ಇನ್ನೂರ ಮೂವತ್ತೆರಡು ಜಾಗ ಮುಗಿದಾಗ ಹನ್ನೊಂದು ದಿನ ಉಳಿದಿತ್ತು. ಹೊಸ ಜಾಗಗಳೇ ಉಳಿದಿರಲಿಲ್ಲ. ಆಗಲೇ ಬೇರೆಯವರಿಗೆ ದನಿ ಹತ್ತಿದ ಜಾಗಗಳಲ್ಲಿ ನಾವು ಸಾಮಾನ್ಯವಾಗಿ ನೋಡುವುದಿಲ್ಲ. ಆದರೂ ಜೀವ ತಡೆಯದೆ, ಅಲ್ಲೂ ಒಮ್ಮೆ ನೋಡಿಬಿಡೋಣ ಎಂದೆ. ಪಟ್ಟಿಯಲ್ಲಿ ಮೊದಲಿಗೆ ಬಂದದ್ದು ಇಮಾಮಸಾಬನ ಹಿಟ್ಟಿನ ಗಿರಣಿ. ನನ್ನ ಕಾಲು ಅಷ್ಟು ಸಲೀಸಾಗಿ ಏಳಲಿಲ್ಲ.

ಗಿರಣಿಯಲ್ಲಿ ಹಾಡುವವನು ನಿಜಗುಣಿ. ನನ್ನ ವರ್ಷದವನೇ. ಶಾಲೆಯಲ್ಲಿ ಐದು ವರ್ಷ ಅವನು ಹಾಡುವಾಗ ತಬಲಾದ ಮೇಲೆ ಕೂತವಳು ನಾನು. ತಾಳ ಒಂದು ಸುತ್ತು ಸುತ್ತಿ ಮರಳಿ ಬಂದು ಸೇರುವ ಮೊದಲ ಪೆಟ್ಟಿಗೆ ಸಮ್ ಅನ್ನುತ್ತೇವೆ. ಹಾಡುವವನೂ ಬಾರಿಸುವವನೂ ಅಲ್ಲಿ ಒಟ್ಟಿಗೆ ಬಂದು ನಿಲ್ಲಬೇಕು. ನಾನು ಒಂದು ಕೂದಲೆಳೆಯಷ್ಟು ತಡವಾದರೂ ನಿಜಗುಣಿ ಕಣ್ಣು ತೆರೆಯದೆಯೇ 'ತಪ್ಪೀತು ನೋಡ, ಅಂಬೂ' ಅನ್ನುತ್ತಿದ್ದ. ಎಲ್ಲರೆದುರಿಗೇ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವನ ಮುಖ ಒಂದು ದಿನ ನೋಡದಂತಾಗಲಿ ಎಂದು ಬೇಡಿಕೊಂಡದ್ದೂ ಉಂಟು. ಪ್ರಮಾಣಪತ್ರ ಬಂದ ಮೂರನೆಯ ದಿನಕ್ಕೆ ಅವನಿಗೆ ಗಿರಣಿಯಲ್ಲಿ ದನಿ ಹತ್ತಿತು, ನನಗೆ ವರ್ಷವೆಲ್ಲ ಅಲೆದರೂ ಇಲ್ಲ. ಅಲ್ಲಿಂದ ಮುಂದೆ ನಾನು ಎರಡು ಓಣಿ ಸುತ್ತಿ ಬೇರೆ ಗಿರಣಿಯಲ್ಲಿ ಹಿಟ್ಟು ಬೀಸಿಸಿಕೊಂಡು ಬರುತ್ತಿದ್ದೆ.

ಇಮಾಮಸಾಬನದು ಒಂದು ಲೆಕ್ಕವಿತ್ತು. ಎರಡು ತಾಸು ಗಿರಣಿ ಓಡಬೇಕು, ಅರ್ಧ ತಾಸು ನಿಂತಿರಬೇಕು. ನಿಂತಾಗ ನಿಜಗುಣಿ ಹಾಡಬೇಕು. ಹೆಂಗಸರು ಡಬ್ಬಿ ಸಾಲಿಗೆ ಹಚ್ಚಿ, ಚೀಲದ ಮೇಲೆ ಕೂತು ಕೇಳುತ್ತಾರೆ. ಅಲ್ಲಿ ಬೀಸಿದ ಹಿಟ್ಟಿಗೆ ಜಿಗಿ ಹೆಚ್ಚು, ರೊಟ್ಟಿ ಹರಿಯುವುದಿಲ್ಲ ಎಂದು ಅವರ ನಂಬಿಕೆ. ನಾವು ಹೋದಾಗ ಗಿರಣಿ ನಿಂತಿತ್ತು. ನಿಜಗುಣಿಯ ತಲೆ, ಹುಬ್ಬು, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗಾಗಿತ್ತು. ಎಷ್ಟು ವಯಸ್ಸಿನದು, ಎಷ್ಟು ಹಿಟ್ಟಿನದು ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಅವನು ಬಾ ಎಂದ, ನಿನ್ನೆ ಬಂದು ಹೋದವಳನ್ನು ಕರೆದಂತೆ. ಹದಿನೈದು ನಿಮಿಷ ಸುಮ್ಮನಿರು ಎಂದೆ. ಸುಮ್ಮನಿದ್ದ. ದಾನೇಶ್ವರಿ ಪೇಟಿ ಒತ್ತಿದಳು. ಗಾಳಿ ಬಂದು ಹೋಗುವುದಷ್ಟೇ ಕೇಳಿತು.

ನಾನು ಬರೆದುಕೊಂಡೆ. ಸುಣ್ಣದ ಗೀಟು ಎಳೆಯಲು ಬಾಗಿಲ ಕಡೆ ಬಗ್ಗಿದೆ. ಸಾಲಿನಲ್ಲಿದ್ದ ಹೆಂಗಸರಿಗೆ ತಡವಾಗಿತ್ತು, ನಿಜಗುಣಿ ತೊಡೆಯ ಮೇಲೆ ತಾಳ ಹಾಕಿಕೊಂಡು ಭೂಪ ರಾಗ ಎತ್ತಿಕೊಂಡ. ದಾನೇಶ್ವರಿಗೆ ಪೇಟಿಗೆ ಬಟ್ಟೆ ಸುತ್ತಲು ಮನಸ್ಸಾಗಿರಲಿಲ್ಲ. ಒಂದು ಕೈ ಪೇಟಿಗೆ ಗಾಳಿ ಊದುವ ಭಾತೆಯ ಮೇಲೆ ಹಾಗೇ ಇತ್ತು, ಇನ್ನೊಂದು ಕೈ ತನ್ನಷ್ಟಕ್ಕೆ ತಾನು ಅವನ ಹಿಂದೆ ಹೊರಟಿತು. ಶಾಲೆಯಲ್ಲಿ ಕಲಿತ ಕೈ, ಹಾಡಿದವರ ಹಿಂದೆ ಹೋಗುವುದು ಅದಕ್ಕೆ ರೂಢಿ. ಅವನು ಗಾಂಧಾರದ ಮೇಲೆ ನಿಂತ. ಪೇಟಿಯೂ ಗಾಂಧಾರದ ಮೇಲೆ ನಿಂತಿತು, ಗಿರಣಿಯ ತಗಡೆಲ್ಲ ತುಂಬುವ ಹಾಗೆ.

ಹೆಂಗಸರಲ್ಲಿ ಒಬ್ಬಳು ಎದ್ದು ನಿಂತಳು. ದಾನೇಶ್ವರಿ ಕೈ ಸುಟ್ಟವರಂತೆ ಹಿಂದಕ್ಕೆ ಎಳೆದುಕೊಂಡಳು. ನಿಜಗುಣಿ ಕಣ್ಣು ಬಿಟ್ಟು ಹೇಳಿದ್ದು ಇಷ್ಟೇ: "ನಿಲ್ಲಸಬ್ಯಾಡವಾ. ಎಷ್ಟ ವರ್ಷ ಆತು, ನನ್ನ ಕೂಡ ಯಾರೂ ಬಂದಿಲ್ಲ."

ಅವಳು ಮತ್ತೆ ಕೈ ಇಟ್ಟಳು. ಅವನು ಹೋದಲ್ಲೆಲ್ಲ ಹೋದಳು, ಅವನು ಉಸಿರು ತೆಗೆದುಕೊಳ್ಳುವಲ್ಲಿ ತಾನು ಎಳೆ ಹಿಡಿದು ನಿಂತಳು. ಇಮಾಮಸಾಬ ಗಿರಣಿಯ ಗುಂಡಿ ಒತ್ತುವುದನ್ನು ಮರೆತ. ನಾನು ಬಾಗಿಲಲ್ಲೇ ಸುಣ್ಣದ ಕೈಯಲ್ಲಿ ಕಣ್ಣು ಒರೆಸಿಕೊಂಡು, ಕಣ್ಣು ಉರಿದು, ನಗೆಪಾಟಲಾದೆ.

ಮರುದಿನ ನಮ್ಮ ಸುಪರಿಂಟೆಂಡೆಂಟ್ ಗುಂಜಾಳ ಸಾಹೇಬರನ್ನು ಕರೆದುಕೊಂಡು ಗಿರಣಿಗೆ ಹೋದೆವು. ಸಾಹೇಬರು ಕೆಟ್ಟವರಲ್ಲ, ನಿಯಮದವರು. ನಿಜಗುಣಿಯನ್ನು ಹೊರಗೆ ಕಳಿಸಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಕೂತರು. ಪೇಟಿ ಮೂಕವಾಗಿತ್ತು. ಗಿರಣಿಯ ಪಟ್ಟಾ ಕಿರುಗುಟ್ಟಿದ್ದನ್ನು ಕೇಳಿರಬೇಕು ನೀವು, ಆಸೆಗಣ್ಣಿಗೆ ಕಂಡದ್ದೆಲ್ಲ ಹಾಗೇ, ಎಂದು ಮೆದುವಾಗಿಯೇ ಹೇಳಿ ಹೋದರು. ಪಟ್ಟಾ ಗಾಂಧಾರದಲ್ಲಿ ಕಿರುಗುಟ್ಟುವುದಿಲ್ಲ ಸಾಹೇಬ್ರೇ ಎಂದು ನನಗೆ ಹೇಳಲಾಗಲಿಲ್ಲ. ದಾನೇಶ್ವರಿ ಸಿಂಬಿ ಸರಿಮಾಡಿಕೊಂಡು, ಹೋಗಲಿ ಬಿಡ್ರಿ ಅಕ್ಕಾರ, ಊಟ ಮಾಡಿ ಹೋಗ್ರಿ ಎಂದು ನನ್ನನ್ನು ಖಾನಾವಳಿಗೆ ಕರೆದೊಯ್ದಳು. ವರ್ಷದಲ್ಲಿ ಮೊದಲ ಸಲ ಅವಳ ದನಿ ಒಡೆದಿತ್ತು.

ಮಧ್ಯಾಹ್ನದ ಹೊತ್ತು, ಖಾನಾವಳಿ ತುಂಬಿತ್ತು. ಬಾಳವ್ವ ನಮ್ಮಿಬ್ಬರ ಮುಖ ನೋಡಿಯೇ ತಿಳಿದುಕೊಂಡಳು. ತಾಟು ಇಟ್ಟಳು, ರೊಟ್ಟಿ ಹಾಕಿದಳು, ನಾನು ಮುರಿಯದೆ ಕೂತದ್ದನ್ನು ನೋಡಿ ಪೂರ್ತಿ ಕಥೆ ಕೇಳಿದಳು. ನಿಜಗುಣಿ ಹಾಡುವಾಗ ಬಂತು, ಅವನನ್ನು ಸುಮ್ಮನಿರಿಸಿದಾಗ ಬರಲಿಲ್ಲ ಎಂದೆ. ಅವಳು ಹಿಟ್ಟಿನ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡಳು.

"ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ನೀವು ತಾಟಿನ್ಯಾಗ ಬರೇ ಚಟ್ನಿ ಇಟ್ಟು, ಊಟ ಆಗಲಿಲ್ಲ ಅಂತ ಬರಕೊಂಡು ಹೊಂಟೀರಿ. ರೊಟ್ಟೀನ ಹಚ್ಚಗೊಡಲಿಲ್ಲ. ನಮ್ಮಪ್ಪ ಹತ್ತಾರು ವರ್ಷ ಪೇಟಿ ಬಾರಿಸಿದ, ಒಂದು ದಿನಾನೂ ಒಬ್ಬನ ಕುಂತು ಬಾರಿಸಿದಾವ ಅಲ್ಲ. ನಟರು ಹಾಡ್ತಿದ್ರು, ಆವ ಹಿಂದಿರ್ತಿದ್ದ. ನನ್ನ ಮಗಳಿಗೂ ಅದ ಕೈ ಬಂದದ."

ಒಂದು ವರ್ಷದ ಹಿಂದೆ ಇದೇ ಒಲೆಯ ಮುಂದೆ ಇವಳು ಹಾಡುತ್ತಿದ್ದಳು, ಇದೇ ಮೂಲೆಯಲ್ಲಿ ಪೇಟಿ ಬಿಚ್ಚಿತ್ತು, ನಾನು ಇವಳ ಬಾಯಿ ಮುಚ್ಚಿಸಿದ್ದೆ. ಹಾಡು ಬಾಳವ್ವ ಎಂದೆ. ಇಷ್ಟು ಜನರ ಮುಂದೆ ಹೇಗೆ ಎಂದು ಅವಳು ನಾಚಿಕೊಂಡಳು. ಆಮೇಲೆ ಒಂದು ರೊಟ್ಟಿ ತಟ್ಟಲು ತೆಗೆದುಕೊಂಡಳು, ಕೈ ಬಿದ್ದ ಮೇಲೆ ಹಾಡು ತಾನಾಗಿ ಬಂತು. ದಾನೇಶ್ವರಿ ಪೇಟಿಯ ಬಟ್ಟೆ ಬಿಚ್ಚಿದಳು. ತಾಯಿಯ ಗಂಟಲು ಒರಟು, ಶ್ರುತಿ ಅತ್ತಿತ್ತ ಆಗುತ್ತಿತ್ತು. ಮಗಳ ಪೇಟಿ ಅದು ತಪ್ಪಿದಲ್ಲೆಲ್ಲ ಹೋಗಿ ಕೈಹಿಡಿದು ಕರೆತಂದಿತು. ಉಣ್ಣುತ್ತಿದ್ದವರು ತುತ್ತು ನಿಲ್ಲಿಸಿದರು. ಬಸ್ಸಿನ ಕಂಡಕ್ಟರನೊಬ್ಬ ಎಂಜಲು ಕೈಯಲ್ಲೇ ಹೊರಗೆ ಓಡಿ ಡ್ರೈವರನನ್ನು ಕರೆದುಕೊಂಡು ಬಂದ. ಆ ದಿನ ಒಂದೂ ಬಸ್ಸು ಹೊತ್ತಿಗೆ ಸರಿಯಾಗಿ ಬಿಡಲಿಲ್ಲ.

ಗುಂಜಾಳ ಸಾಹೇಬರು ಸಂಜೆ ಖಾನಾವಳಿಗೆ ಬಂದು ಕೇಳಿದರು, ಮರುದಿನ ಸಿತಾರಿನ ಹುಡುಗಿಯ ಸಂದಿಯಲ್ಲಿ ಕೇಳಿದರು, ಅದರ ಮರುದಿನ ರೆಕಾರ್ಡ್ ರೂಮಿನಲ್ಲಿ ಶಹನಾಯಿಯ ಜೊತೆ ಕೇಳಿದರು. ಒಬ್ಬಳೇ ಕೂತರೆ ಎಲ್ಲಿಯೂ ಇಲ್ಲ, ಯಾರದಾದರೂ ಪಕ್ಕದಲ್ಲಿ ಕೂತರೆ ಎಲ್ಲೆಲ್ಲೂ ಇದೆ. ಸಾಹೇಬರು ರಿಜಿಸ್ಟರು ತೆರೆದು ಜಾಗ ಎಂಬ ಕಾಲಮಿನ ಮೇಲೆ ಪೆನ್ನು ಹಿಡಿದರು. ಏನು ಬರೆಯಬೇಕೆಂದು ನನ್ನನ್ನೇ ಕೇಳಿದರು. ಪಕ್ಕ ಎಂದು ಬರೆಯಿರಿ ಎಂದೆ. ಬರೆದರು. ಮೂರನೆಯ ನಿಯಮದ ಮೇಲೆ ಅವರೇ ಗೀಟು ಎಳೆದರು.

ಪೇಟಿ ಮನೆಯಲ್ಲೇ ಉಳಿಯಿತು. ಊರೆಲ್ಲ ಸಕ್ಕರೆ ಹಂಚಿದರು. ಕ್ಷೌರದಂಗಡಿಯವನು ತನ್ನ ಮೂಲೆಗೆ ಬಂದು ಒಂದು ದಿನವಾದರೂ ನುಡಿಸಲೆಂದು, ತಾನೇ ಹಾಡಲು ಅಭ್ಯಾಸ ಶುರುಮಾಡಿದ. ಅದೊಂದು ಊರಿಗೆ ಬಂದ ಕಷ್ಟ.

ನನ್ನ ಪಾಲಿನ ಸಕ್ಕರೆಯನ್ನು ನಾನು ಪೊಟ್ಟಣದಲ್ಲೇ ಬಿಟ್ಟೆ. ಹಿಂದಿನ ಪುಟ ತೆರೆದಿಟ್ಟುಕೊಂಡು ಕೂತೆ. ಹದಿನೆಂಟು ಹೆಸರು, ನನ್ನದೇ ಅಕ್ಷರ, ಒಂದಕ್ಕಿಂತ ಒಂದು ದುಂಡಗೆ. ಪ್ರತಿಯೊಬ್ಬರನ್ನೂ ನಾನೇ ಕರೆದೊಯ್ದಿದ್ದೆ, ಪ್ರತಿ ಕಡೆಯೂ ನಾನೇ ಬೇರೆಯವರ ಬಾಯಿ ಮುಚ್ಚಿಸಿದ್ದೆ, ಕಣ್ಣು ಮುಚ್ಚಿ ಶ್ರದ್ಧೆಯಿಂದ ಕೇಳಿದ್ದೆ. ಶ್ರದ್ಧೆಯಿಂದ ಮಾಡಿದ ತಪ್ಪು ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ನನಗೆ ನಾಚಿಕೆಯಾಯಿತು, ಅಳು ಬಂತು. ಮರುದಿನ ಬೆಳಿಗ್ಗೆ ರಿಜಿಸ್ಟರು ಹಿಡಿದುಕೊಂಡು ಹೊರಟೆ.

ಒಬ್ಬೊಬ್ಬರ ಮನೆಗೂ ಹೋಗಿ, ನಿಮಗೆ ಜಾಗ ಇತ್ತು, ನಾನು ಸರಿಯಾಗಿ ನೋಡಲಿಲ್ಲ ಎಂದು ಹೇಳಿದೆ. ವಯೊಲಿನಿನವಳು ಈಗ ಅಂಗನವಾಡಿಯಲ್ಲಿದ್ದಾಳೆ. ನಾನು ಹೇಳಿ ಮುಗಿಸುವ ಮುನ್ನವೇ ಮಕ್ಕಳಿಗೆ ಹಾಡುತ್ತಿರಿ ಎಂದು ಹೇಳಿ, ವಯೊಲಿನ್ ತರಲು ಶಾಲೆಗೆ ಓಡಿದಳು, ಚಪ್ಪಲಿ ಕೂಡ ಮೆಟ್ಟಲಿಲ್ಲ. ಒಬ್ಬ ಚಹಾ ಕೊಟ್ಟು, ಈಗ ಟೈರಿನ ಅಂಗಡಿ ಚೆನ್ನಾಗಿ ನಡೆಯುತ್ತಿದೆ ಅಕ್ಕಾ, ಬೆರಳು ದಪ್ಪ ಆಗಿವೆ, ಬಿಟ್ಟುಬಿಡೋಣ ಎಂದ. ಬೈದವರೂ ಇದ್ದಾರೆ, ಬೈಯಬೇಕಾದ್ದೇ. ಒಬ್ಬ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವನ ಹೆಂಡತಿಗೆ ಬಾಗಿಲಲ್ಲೇ ನಿಂತು ಹೇಳಿದೆ. ಅವಳು ಕೇಳಿಕೊಂಡು, ನಾನು ಹಾಡಿಕೊಳ್ಳುವಾಗ ಅವರು ಗೋಡೆಗೆ ಒರಗಿ ಬೆರಳು ಆಡಿಸುತ್ತಿದ್ದರು, ಸುಮ್ಮನೆ ಬೆರಳು, ಎಂದಳು. ನನ್ನನ್ನು ಒಳಗೆ ಕರೆದು ಕೂರಿಸಿದಳು. ಆ ಮನೆಯಿಂದ ಏಳಲು ನನಗೆ ಬಹಳ ಹೊತ್ತು ಹಿಡಿಯಿತು.

ಹದಿನೆಂಟೂ ಮುಗಿದವು. ಪುಟದ ಮೊದಲ ಹೆಸರಿನ ಮಾತು, ನನ್ನದರ ಮಾತು, ನಾನು ಎತ್ತಲಿಲ್ಲ. ಆಫೀಸಿನಲ್ಲಿ ಬಹಳ ಕೆಲಸವಿತ್ತು. ಹೊಸ ನಿಯಮ ಬರೆಯಬೇಕು, ಹೊಸ ಕಾಲಮು ಹಾಕಬೇಕು. ನಾನು ಐವತ್ತರ ಹತ್ತಿರ ಬಂದವಳು, ಬಲಗೈ ಮಣಿಕಟ್ಟು ಚಳಿಗೆ ಹಿಡಿಯುತ್ತದೆ. ಇಂಥವು ಕಾರಣಗಳು. ನಿಜವಾದ ಕಾರಣ ಹೆದರಿಕೆ. ಜಾಗ ಸಿಗಲಿಲ್ಲ ಎಂಬುದಕ್ಕೆ ಹೊಂದಿಕೊಂಡು ಇಪ್ಪತ್ತಾರು ವರ್ಷ ಬದುಕಿದ್ದೆ. ಪಕ್ಕದಲ್ಲಿ ಕೂತರೂ ಬರಲಿಲ್ಲವೆಂದರೆ ಆಗ ಯಾವ ನಿಯಮದ ಮೇಲೆ ತಪ್ಪು ಹೊರಿಸಲಿ?

ಒಂದು ಬೆಳಿಗ್ಗೆ ದಾನೇಶ್ವರಿ ಆಫೀಸಿಗೆ ಬಂದಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಪೇಟಿಯ ಬದಲು ಒಂದು ಗಂಟು. ಬಿಚ್ಚಿ ನನ್ನ ಮೇಜಿನ ಮೇಲಿಟ್ಟಳು. ನನ್ನ ತಬಲಾ. ಶಾಲೆಯ ಕೋಣೆಯಿಂದ ತಂದಿದ್ದಳು. ಇಪ್ಪತ್ತಾರು ವರ್ಷ ಊರಿನ ಮಕ್ಕಳೆಲ್ಲ ಅದರ ಮೇಲೆ ಕೈ ಪಳಗಿಸಿದ್ದರು, ಎಷ್ಟು ಸಲ ಹೊಸ ಚರ್ಮ ಕಟ್ಟಿಸಿದ್ದರೋ. ಆದರೆ ಬದಿಯ ಕಟ್ಟಿಗೆಯ ಮೇಲೆ ನಾನು ಮೊಳೆಯಿಂದ ಗೀರಿದ್ದ 'ಅಂ' ಹಾಗೇ ಇತ್ತು. ರಿಜಿಸ್ಟರು ಮತ್ತು ಸುಣ್ಣದ ಬುಟ್ಟಿ ತಾನೇ ಎತ್ತಿಕೊಂಡಳು.

"ನಡೀರಿ ಅಕ್ಕಾರ. ಇವತ್ತ ನೀವು ಮುಂದ, ನಾ ಹಿಂದ."

ಗಿರಣಿಯ ಕಡೆ ಹೊರಟೆವು. ದಾರಿಯಲ್ಲಿ ಕ್ಷೌರದಂಗಡಿಯವನು, ಔಷಧದ ಅಂಗಡಿಯವನು, ಬ್ಯಾಂಕಿನ ಜವಾನ ಎಲ್ಲ ಒಬ್ಬೊಬ್ಬರಾಗಿ ಹಿಂದೆ ಸೇರಿಕೊಂಡರು. ನಾನು ತಿರುಗಿ ನೋಡಲಿಲ್ಲ. ಇಮಾಮಸಾಬ ನಮ್ಮನ್ನು ನೋಡಿ ಗಿರಣಿ ನಿಲ್ಲಿಸಿದ, ಇನ್ನೂ ಅರ್ಧ ಚೀಲ ಜೋಳ ಉಳಿದಿತ್ತು. ಬಾಳವ್ವ ಮೊದಲೇ ಬಂದು ಚೀಲದ ಮೇಲೆ ಕೂತಿದ್ದಳು. ಇದೆಲ್ಲ ಮೊದಲೇ ಮಾಡಿಕೊಂಡ ಸಂಚೆಂದು ಆಗ ತಿಳಿಯಿತು.

ನಿಜಗುಣಿ ತನ್ನ ಪಕ್ಕದ ನೆಲವನ್ನು ಟವೆಲಿನಿಂದ ಝಾಡಿಸಿದ. ಹಿಟ್ಟು ಹಾರಿ ನನ್ನ ಸೀರೆಯ ಮೇಲೆಯೇ ಕೂತಿತು. ನಾನು ಕೂತೆ. ಸಿಂಬಿಯ ಮೇಲೆ ತಬಲಾ ಇಟ್ಟುಕೊಂಡೆ. ಅವನು ಭೂಪವನ್ನೇ ಎತ್ತಿಕೊಂಡ, ಶಾಲೆಯಲ್ಲಿ ನಾವು ಆ ಸಂಜೆಯ ರಾಗವನ್ನು ಬೆಳಿಗ್ಗೆ ಬೆಳಿಗ್ಗೆಯೇ ಹಾಡಿ ಗುರುಗಳಿಂದ ಬೈಸಿಕೊಳ್ಳುತ್ತಿದ್ದೆವು. ಕಣ್ಣು ಮುಚ್ಚಿದ. ತೊಡೆಯ ಮೇಲಿದ್ದ ಬಲಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡ, ತಾಳ ಇನ್ನು ತನ್ನ ಕೆಲಸ ಅಲ್ಲ ಎನ್ನುವ ಹಾಗೆ. ಹಾಡು ಸುತ್ತಿ ಮೊದಲ ಸಮ್‌ನತ್ತ ಬರತೊಡಗಿತು. ಕೈ ಎತ್ತಿದೆ, ತಡವಾಯಿತೆಂದು ಗೊತ್ತಾಯಿತು, ಆದರೂ ಇಳಿಸಿದೆ.

ಆ ಪೆಟ್ಟು ಎಲ್ಲರಿಗೂ ಕೇಳಿಸಿತು.

ನಿಜಗುಣಿ ಕಣ್ಣು ತೆರೆಯಲಿಲ್ಲ.

"ತಪ್ಪೀತು ನೋಡ, ಅಂಬೂ" ಎಂದ.